ಅಪ್ಪನಿಗೆ ಗಾಡಿ, ಭಾವನ ಮೇಲೆ ಗುಮಾನಿ

ಪ್ರಶ್ನೆ: ನನಗೆ 39 ವರ್ಷ. ಶಾರ್ಜಾದಲ್ಲಿ ಕೆಲಸ. ಅಪ್ಪ ಅಮ್ಮ ಹಲಸೂರಿನ ಹಳೇ ಮನೆಯಲ್ಲಿದ್ದಾರೆ. ಅಪ್ಪ ಅಲ್ಲೇ ಆರ್ಮಿ ಬೇಸ್ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ ಆಗಿದ್ದು ರಿಟೈರ್ ಆದವರು. ಹೋದ ವರ್ಷ ಅವರಿಗೆ ಮಂಡಿ ಆಪರೇಷನ್ ಆಯಿತು. ಫಿಸಿಯೋಥೆರಪಿಗೆ ಹೋಗಲು ಆಟೋ ಹತ್ತುವಾಗ ಅವರು ಪಡುವ ಕಷ್ಟವನ್ನು ಅಮ್ಮ ಫೋನಿನಲ್ಲಿ ಹೇಳಿದಾಗಿನಿಂದ, ಒಂದು ಕಾರು ಕೊಡಿಸಲೇಬೇಕು ಎಂದು ಹಟ ಹಿಡಿದೆ. ಬ್ಯಾಂಕಿನವರು ಸೀಜ್ ಮಾಡಿದ ಗಾಡಿ ಆನ್‌ಲೈನ್ ಹರಾಜಿನಲ್ಲಿ ಕಡಿಮೆಗೆ ಸಿಗುತ್ತದೆ ಎಂದು ರೂಮಿನ ಗೆಳೆಯ ಹೇಳಿದ. ನನ್ನ ಇಂಡಿಯಾ ಸಿಮ್ ಬಂದ್ ಆಗಿತ್ತು, ಓಟಿಪಿ ಬರುತ್ತಿರಲಿಲ್ಲ. ಹಾಗಾಗಿ ಕೆ.ಆರ್. ಪುರದಲ್ಲಿರುವ ಅಕ್ಕನ ಗಂಡನ ಪ್ಯಾನ್, ಆಧಾರ್ ಹಾಕಿ ರಿಜಿಸ್ಟರ್ ಮಾಡಿಸಿ, 25,000 ರೂಪಾಯಿ ಠೇವಣಿ ಕಳಿಸಿ, ಇಲ್ಲಿಂದಲೇ ಬಿಡ್ ಹಾಕಿದೆ. ಗೆದ್ದೆ. ಆಮೇಲೆ ಭಾವ ಯಾರ್ಡಿಗೆ ಹೋಗಿ ನೋಡಿ, "ಸೀಟಿನ ಕೆಳಗೆ ಕೆಸರು ಒಣಗಿದೆ, ಇಂಜಿನ್ ಸ್ಟಾರ್ಟ್ ಆಗ್ತಿಲ್ಲ, ಬಿಟ್ಟುಬಿಡು" ಅಂದರು. ಬಾಕಿ ಹಣ ಕಟ್ಟುವ ಗಡುವು ಮುಗಿಯಿತು, ಠೇವಣಿ ಹೋಯಿತು. ಮೊದಲೇ ನೋಡಿಕೊಂಡು ಬನ್ನಿ ಎಂದಿದ್ದೆ, ಅವರು ಹೋಗಿರಲಿಲ್ಲ. ಗಾಡಿ ನಿಜವಾಗಿಯೂ ಕೆಟ್ಟಿತ್ತೋ, ತಮ್ಮ ಹೆಸರಿಗೆ ತೊಂದರೆ ಬೇಡ ಎಂದು ಹಾಗೆ ಹೇಳಿದರೋ ಎಂಬ ಅನುಮಾನ ಹೋಗುತ್ತಿಲ್ಲ. ಫೋನಿನಲ್ಲಿ ಆಡಬಾರದ ಮಾತು ಆಡಿಬಿಟ್ಟೆ. ಅಕ್ಕ ಈಗ ಫೋನ್ ಎತ್ತುತ್ತಿಲ್ಲ. ಅಪ್ಪ "ಕಾರು ಕೇಳಿದ್ದು ಯಾರು?" ಅನ್ನುತ್ತಾರೆ. ಅಮ್ಮ "ಯಾರದೋ ಕಣ್ಣೀರು ಬಿದ್ದ ಗಾಡಿ, ಕೈತಪ್ಪಿದ್ದೇ ಒಳ್ಳೇದಾಯ್ತು" ಅನ್ನುತ್ತಾರೆ. ಮುಂದಿನ ವಾರ ಇನ್ನೊಂದು ಹರಾಜಿದೆ. ಈ ಸಲ ಯಾರಿಗೂ ಹೇಳದೆ ಬಿಡ್ ಹಾಕಿ, ಗಾಡಿಯನ್ನು ನೇರ ಮನೆ ಮುಂದೆ ನಿಲ್ಲಿಸಿಬಿಡಲೇ? ರಾತ್ರಿ ನಿದ್ದೆ ಬರುತ್ತಿಲ್ಲ.
ಹೆಸರು ಬೇಡ, ಶಾರ್ಜಾ

ಉತ್ತರ: ದುಡಿದ ದುಡ್ಡು ಕೈಬಿಟ್ಟು ಹೋದಾಗ ಸಂಕಟವಾಗುತ್ತದೆ. ಒಳ್ಳೆಯದು ಮಾಡಲು ಹೊರಟು ಎಲ್ಲರಿಂದಲೂ ಬೈಸಿಕೊಂಡಾಗ ಅದು ಇನ್ನೂ ಹೆಚ್ಚು. ನಿಮಗೆ ಎರಡೂ ಒಟ್ಟಿಗೆ ಬಂದಿವೆ. ನಿದ್ದೆ ಬಾರದಿರುವುದರಲ್ಲಿ ಆಶ್ಚರ್ಯವೇನಿಲ್ಲ. ಅಪ್ಪನ ಮಂಡಿನೋವನ್ನು ದೂರದಿಂದ ಕೇಳಿಸಿಕೊಂಡು, ಕೈಲಾದದ್ದನ್ನು ಇವತ್ತೇ ಮಾಡಬೇಕು ಅನ್ನಿಸುವ ಮಗನ ಮನಸ್ಸು ತಪ್ಪಾದದ್ದಲ್ಲ. ಅದನ್ನು ಮೊದಲು ನೀವೇ ಒಪ್ಪಿಕೊಳ್ಳಿ.

ನಿಮ್ಮ ಪತ್ರದಲ್ಲಿ ಹಣದ ಮಾತು ಬೇಗ ಮುಗಿಯುತ್ತದೆ, ಭಾವನ ಮಾತು ಮುಗಿಯುವುದೇ ಇಲ್ಲ. ನಿದ್ದೆ ಕೆಡಿಸಿರುವುದು ಆ ಅನುಮಾನವೇ ಇರಬೇಕು. ಊರಿಂದ ದೂರ ಇರುವವರಿಗೆ ಇದು ಬಹಳ ಸಲ ಆಗುತ್ತದೆ. ಹತ್ತಿರವಿದ್ದರೆ ಒಂದು ಸಂಜೆ ಕೆ.ಆರ್. ಪುರಕ್ಕೆ ಹೋಗಿ, ಭಾವನ ಮುಖ ನೋಡಿ, ಕಾಫಿ ಕುಡಿದು ಬಂದರೆ ಅರ್ಧ ಅನುಮಾನ ಅಲ್ಲೇ ಕರಗುತ್ತಿತ್ತು. ಫೋನಿನಲ್ಲಿ ಮಾತು ಮಾತ್ರ ಬರುತ್ತದೆ. ಹೇಳಿದವರ ಮುಖ, ಯಾರ್ಡಿನ ಬಿಸಿಲು, ಸೀಟಿನ ಕೆಳಗಿನ ಕೆಸರು ಯಾವುದೂ ಬರುವುದಿಲ್ಲ. ಗೊತ್ತಿಲ್ಲದ ಜಾಗವನ್ನೆಲ್ಲ ಮನಸ್ಸು ಅನುಮಾನದಿಂದ ತುಂಬಿಸುತ್ತದೆ.

ಭಾವನ ಕಡೆಯಿಂದಲೂ ಒಂದು ಸಲ ನೋಡೋಣ. ಹರಾಜಿನಲ್ಲಿ ಯಾರ ಪ್ಯಾನ್, ಆಧಾರ್ ಕೊಟ್ಟು ನೋಂದಾಯಿಸುತ್ತೀರೋ ಅವರೇ ಕೊಳ್ಳುವವರು. ಗೆದ್ದ ಪತ್ರ ಅವರ ಹೆಸರಿಗೆ ಬರುತ್ತದೆ. ಆರ್‌ಸಿ ಕೂಡ ಸಾಮಾನ್ಯವಾಗಿ ಅವರ ಹೆಸರಿಗೇ ಆಗುತ್ತದೆ. ಬಿಡ್ ಗೆದ್ದು ಹಣ ಕಟ್ಟದಿದ್ದರೆ ಆ ಹೆಸರನ್ನೇ ಮುಂದಿನ ಹರಾಜುಗಳಿಂದ ತಡೆಹಿಡಿಯುವುದೂ ಉಂಟು. ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಗಾಡಿಯ ಮಾಲೀಕ, ಅಪಘಾತದ ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಅಂದರೆ ನೀವು ಹಾಕಿದ್ದು ಹಣ, ಭಾವ ಹಾಕಿದ್ದು ಹೆಸರು. ನಾಳೆ ಆ ಗಾಡಿಯಿಂದ ಏನೇ ಆಗಿದ್ದರೂ ಪೊಲೀಸರಾಗಲಿ ಕೋರ್ಟಾಗಲಿ ಕರೆಯುತ್ತಿದ್ದದ್ದು ಅವರನ್ನು. ಅಷ್ಟು ದೊಡ್ಡ ಹೊಣೆಯನ್ನು ಅವರು ಮಾತಾಡದೆ ಹೊತ್ತಿದ್ದರು. ಆದ್ದರಿಂದ "ತಮ್ಮ ಹೆಸರಿಗೆ ತೊಂದರೆ ಬೇಡ" ಎಂದು ಅವರು ಯೋಚಿಸಿದ್ದರೆ ಅದು ಮೋಸವಲ್ಲ, ಸಹಜವಾದ ಹೆದರಿಕೆ.

ಹರಾಜಿಗೆ ಮೊದಲು ನೋಡಲು ಹೋಗದಿದ್ದದ್ದು ಅವರ ತಪ್ಪೇ, ನಿಜ. ಆದರೆ "ನೋಡಿಕೊಂಡು ಬನ್ನಿ" ಎಂದು ನೀವು ಹೇಳಿದ್ದು ಅವರಿಗೆ ಎಷ್ಟು ಗಟ್ಟಿಯಾಗಿ ಕೇಳಿಸಿತ್ತು? ನೋಡದೆ ಬಿಡ್ ಹಾಕಬಾರದು ಎಂದು ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದಿರಾ? ಅವರು ಹೋಗಿಲ್ಲ ಎಂದು ಗೊತ್ತಿದ್ದೂ ಬಿಡ್ ಹಾಕಿದ್ದು ಯಾರು? ಇವನ್ನು ನಿಮ್ಮ ಮೇಲೆ ಹೊರೆ ಹಾಕಲು ಕೇಳುತ್ತಿಲ್ಲ. ತಪ್ಪು ಒಬ್ಬರದೇ ಎಂದು ಹೊತ್ತುಕೊಂಡರೆ ಯಾರಿಗೂ ಭಾರ. ಇಬ್ಬರೂ ಹಂಚಿಕೊಂಡರೆ ಮಾತಿಗೆ ದಾರಿಯಾಗುತ್ತದೆ.

ಭಾವ ಹೇಳಿದ ಕೆಸರಿನ ಮಾತನ್ನು ನಾನು ಸುಲಭವಾಗಿ ತಳ್ಳಿಹಾಕುವುದಿಲ್ಲ. 2022ರ ಸೆಪ್ಟೆಂಬರ್ ಮೊದಲ ವಾರದ ಮಳೆಗೆ ಯಮಲೂರು, ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆಯ ಬಡಾವಣೆಗಳಲ್ಲಿ, ಬೇಸ್‌ಮೆಂಟುಗಳಲ್ಲಿ ಕಾರುಗಳು ಮುಳುಗಿದ್ದನ್ನು ಬೆಂಗಳೂರಿನವರು ಮರೆತಿಲ್ಲ. 2015ರ ಚೆನ್ನೈ ಪ್ರವಾಹದಲ್ಲೂ ಹಾಗೇ ಆಗಿತ್ತು. ರಿಪೇರಿಗೆ ಲಾಯಕ್ಕಿಲ್ಲ ಎಂದು ವಿಮೆ ಕಂಪನಿ ತೀರ್ಮಾನಿಸಿದ ಗಾಡಿಗಳು ಹರಾಜಿಗೆ ಹೋಗುತ್ತವೆ. ಅಲ್ಲಿಂದ ಕೆಲವು ಬಿಡಿಭಾಗಗಳಾಗಿ ಶಿವಾಜಿನಗರದ ಗುಜರಿ ಸೇರುತ್ತವೆ, ಕೆಲವು ತೊಳೆದು ಒರೆಸಿಕೊಂಡು ಮತ್ತೆ ರಸ್ತೆಗೆ ಬರುತ್ತವೆ. ಫೋಟೋದಲ್ಲಿ ಅಂಥ ಗಾಡಿ ಹೊಳೆಯುತ್ತಿರುತ್ತದೆ. ಹತ್ತಿರ ಹೋಗಿ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದರೆ ನೀರಿನ ಕಲೆ ಕಾಣುತ್ತದೆ. ಕಾರ್ಪೆಟ್ ಎತ್ತಿದರೆ ಮಣ್ಣು, ಸೀಟಿನ ಕೆಳಗಿನ ಕಂಬಿಯಲ್ಲಿ ತುಕ್ಕು, ಒಳಗೆ ಮುಗ್ಗಲು ವಾಸನೆ. ಹರಾಜಿನ ನಿಬಂಧನೆಗಳಲ್ಲಿ "ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ" ಎಂಬ ಮಾತು ತಪ್ಪದೆ ಇರುತ್ತದೆ. ಗೆದ್ದ ಮೇಲೆ ಕೆಸರು ಸಿಕ್ಕಿತು ಎಂದು ದೂರಿದರೆ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. 25,000 ಹೋಯಿತು ನಿಜ. ಭಾವ ಹೇಳಿದ್ದು ಸರಿಯಾಗಿದ್ದರೆ, ಅದರ ಹಲವು ಪಟ್ಟು ಹಣ ಉಳಿಯಿತು.

ಈಗ ಅಪ್ಪನ ಪ್ರಶ್ನೆಗೆ ಬರೋಣ. "ಕಾರು ಕೇಳಿದ್ದು ಯಾರು?" ಅಂದದ್ದು ನಿಮಗೆ ಚುಚ್ಚಿರಬೇಕು. ಆದರೆ ಅದನ್ನು ಕೋಪ ಎಂದುಕೊಳ್ಳದೆ ನಿಜವಾದ ಪ್ರಶ್ನೆ ಎಂದುಕೊಂಡು ನೋಡಿ. ಜೀವಮಾನವಿಡೀ ಮಿಲಿಟರಿ ಗಾಡಿಗಳ ಇಂಜಿನ್ ಬಿಚ್ಚಿ ಜೋಡಿಸಿದವರು ಅವರು. ಮನೆಯಲ್ಲೇ ಅಂಥ ಮೆಕ್ಯಾನಿಕ್ ಇದ್ದರೂ ಗಾಡಿ ಆರಿಸುವಾಗ ಅವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಮಂಡಿಗೆ ಪೆಟ್ಟು ಬಿದ್ದವರಿಗೆ ನಡೆಯಲಾಗದ ನೋವಿಗಿಂತ, ನನ್ನನ್ನು ಇನ್ನು ಯಾವುದಕ್ಕೂ ಕೇಳುವುದಿಲ್ಲ ಅನ್ನುವ ನೋವು ಹೆಚ್ಚು ಕಾಡಬಹುದು. ನೀವು ಆರಾಮ ಕಳಿಸಲು ನೋಡಿದಿರಿ. ಅವರಿಗೆ ಅದು, ತೀರ್ಮಾನ ತಮ್ಮ ಕೈಯಿಂದ ಹೋದ ಹಾಗೆ ಕಂಡಿರಬಹುದು.

ನನ್ನ ಸಲಹೆಯ ತಿರುಳು ಇಷ್ಟೇ: ದೂರದಿಂದ ಹಣ ಕಳಿಸಿ, ತೀರ್ಮಾನವನ್ನು ಹತ್ತಿರ ಇರುವವರಿಗೆ ಬಿಡಿ. ಯಾರಿಗೂ ಹೇಳದೆ ಗಾಡಿ ತಂದು ನಿಲ್ಲಿಸುವುದು ಸಿನಿಮಾದಲ್ಲಿ ಚೆಂದ. ಹಲಸೂರಿನ ಇಕ್ಕಟ್ಟಿನ ಬೀದಿಯಲ್ಲಿ ಆ ಗಾಡಿ ಎಲ್ಲಿ ನಿಲ್ಲಬೇಕು, ಯಾರು ಓಡಿಸಬೇಕು ಎಂಬುದು ಮರುದಿನವೇ ಅಪ್ಪನ ತಲೆನೋವು. ಮುಂದಿನ ವಾರದ ಹರಾಜನ್ನು ಬಿಟ್ಟುಬಿಡಿ. ಬೇರೆ ಹರಾಜು ಬರುತ್ತಲೇ ಇರುತ್ತವೆ. ಹೋದದ್ದನ್ನು ಗಳಿಸಿಕೊಳ್ಳುವ ಆತುರದಲ್ಲಿ ಹಾಕಿದ ಬಿಡ್ ಎಂದೂ ಹದದಲ್ಲಿ ನಿಲ್ಲುವುದಿಲ್ಲ.

ಈಗ ಒಂದೊಂದಾಗಿ ಮಾಡಬಹುದಾದ ಕೆಲಸಗಳು.

ಮೊದಲು ಭಾವನಿಗೆ ಫೋನ್ ಮಾಡಿ. ವಾಟ್ಸಾಪ್ ಮೆಸೇಜ್ ಬೇಡ. ನಿಮ್ಮ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ, ನಿಮ್ಮ ಡ್ಯೂಟಿ ಮುಗಿಯುವ ಹೊತ್ತಿಗೆ ಅವರು ಊಟ ಮಾಡಿ ಮಲಗುವ ಸಮಯವಾಗಿರಬಹುದು. ರಜಾದಿನದ ಬೆಳಿಗ್ಗೆ ಮಾಡಿ. ಲೆಕ್ಕ ಕೇಳಲು ಹೋಗಬೇಡಿ. "ಭಾವ, ಆವತ್ತು ಕೋಪದಲ್ಲಿ ಮಾತಾಡಿದ್ದು ನನ್ನದೇ ತಪ್ಪು. ನೀವು ನಿಮ್ಮ ಹೆಸರು ಕೊಟ್ಟಿದ್ದು ಎಷ್ಟು ದೊಡ್ಡದು ಅಂತ ಆಗ ಯೋಚಿಸಲಿಲ್ಲ. ದುಡ್ಡಿನ ವಿಷಯ ಅಲ್ಲಿಗೆ ಮುಗೀತು" ಎಂದರೆ ಸಾಕು. ಕಡೆಯ ಮಾತು ಹೇಳಿದ ಮೇಲೆ ಅದನ್ನು ಉಳಿಸಿಕೊಳ್ಳಬೇಕು, ಮುಂದೊಂದು ದಿನ ಮತ್ತೆ ಎತ್ತಬಾರದು. ಅಷ್ಟು ಧೈರ್ಯ ಇನ್ನೂ ಬಂದಿಲ್ಲ ಅನ್ನಿಸಿದರೆ ಒಂದೆರಡು ದಿನ ತಡೆದು ಮಾಡಿ. ಅಕ್ಕನಿಗೆ ಬೇರೆ ವಿವರಣೆ ಬೇಕಾಗದು. ಭಾವನ ಜೊತೆ ಸರಿಹೋದರೆ ಆಕೆ ತಾನಾಗಿಯೇ ಫೋನ್ ಎತ್ತುವ ಸಾಧ್ಯತೆ ಹೆಚ್ಚು. ಇನ್ನೊಂದು ಮುಖ್ಯವಾದ ಮಾತು: ಭಾವನ ಹೆಸರಿನ ಲಾಗಿನ್, ಪಾಸ್‌ವರ್ಡ್ ಇನ್ನು ಮುಟ್ಟುವುದಿಲ್ಲ ಎಂದು ಅವರಿಗೆ ಸ್ಪಷ್ಟವಾಗಿ ಹೇಳಿ.

ಆಮೇಲೆ ಅಪ್ಪನನ್ನು ಕೇಳಿ. "ಕಾರು ಬೇಕಾ?" ಎಂದು ಕೇಳಿದರೆ ಬೇಡ ಎಂದೇ ಹೇಳುತ್ತಾರೆ, ನಮ್ಮ ಅಪ್ಪಂದಿರೆಲ್ಲ ಹಾಗೆಯೇ. "ವಾರದಲ್ಲಿ ಎಲ್ಲೆಲ್ಲಿಗೆ ಹೋಗ್ತೀರಪ್ಪಾ? ಯಾವುದು ಜಾಸ್ತಿ ಕಷ್ಟ?" ಎಂದು ಕೇಳಿ. ಫಿಸಿಯೋಥೆರಪಿಗೆ ವಾರಕ್ಕೆ ಎರಡು ಮೂರು ಸಲ, ಮತ್ತೆ ಔಷಧಿ ಅಂಗಡಿ, ಸೋಮೇಶ್ವರನ ಗುಡಿ ಇಷ್ಟೇ ಇದ್ದರೆ, ಪರಿಚಯದ ಕಾರಿನ ಡ್ರೈವರನ್ನು ತಿಂಗಳ ಲೆಕ್ಕಕ್ಕೆ ಗೊತ್ತು ಮಾಡುವುದು ಹರಾಜಿನ ಗಾಡಿಗಿಂತ ಅಗ್ಗ, ನೆಮ್ಮದಿಯೂ ಹೆಚ್ಚು. ಹಲಸೂರು, ಇಂದಿರಾನಗರಕ್ಕೆ ಮೆಟ್ರೋ ಬಂದದ್ದು 2011ರಲ್ಲಿ. 2023ರಿಂದ ಅದೇ ನೇರಳೆ ಮಾರ್ಗ ಕೆ.ಆರ್. ಪುರ ದಾಟಿ ವೈಟ್‌ಫೀಲ್ಡ್‌ವರೆಗೂ ಇದೆ. ನಿಲ್ದಾಣಗಳಲ್ಲಿ ಲಿಫ್ಟ್ ಇದೆ. ಮಂಡಿ ಸ್ವಲ್ಪ ಗಟ್ಟಿಯಾದ ಮೇಲೆ ಅಪ್ಪ ತಾವೇ ಮಗಳ ಮನೆಗೆ ಹೋಗಿ ಬರಬಹುದು. ಕಾರೇ ಬೇಕು ಎಂದು ಅವರು ಹೇಳಿದರೆ, ಓಡಿಸುವವರು ಯಾರು, ನಿಲ್ಲಿಸುವುದು ಎಲ್ಲಿ ಎಂಬೆರಡು ಪ್ರಶ್ನೆಗಳಿಗೆ ಉತ್ತರವನ್ನೂ ಅವರಿಂದಲೇ ಪಡೆಯಿರಿ.

ಹರಾಜಿನಲ್ಲೇ ಕೊಳ್ಳಬೇಕೆಂದು ಮನೆಯವರೆಲ್ಲ ಒಪ್ಪಿದರೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಬಿಡ್ ಅಪ್ಪನ ಹೆಸರಲ್ಲೇ ಇರಲಿ. ಹಣವನ್ನು ಅಪ್ಪನ ಖಾತೆಗೇ ಕಳಿಸಿ. ಮಗ ಅಪ್ಪನಿಗೆ ಉಡುಗೊರೆಯಾಗಿ ಕೊಟ್ಟ ಹಣಕ್ಕೆ ಅಪ್ಪ ಆದಾಯ ತೆರಿಗೆ ಕಟ್ಟಬೇಕಿಲ್ಲ. ಗಾಡಿ ನಿಮ್ಮ ಹೆಸರಿಗೇ ಬೇಕಾದರೆ ನಿಮ್ಮ ಪರವಾಗಿ ಸಹಿ ಮಾಡುವವರಿಗೆ ಪವರ್ ಆಫ್ ಅಟಾರ್ನಿ ಕೊಡಬೇಕಾಗುತ್ತದೆ. ಅದನ್ನು ದುಬೈನ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿ ಕಳಿಸಿ, ಕರ್ನಾಟಕಕ್ಕೆ ತಲುಪಿದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಅಪ್ಪನಿಗೆ ಕಾರು ಕೊಡಿಸಲು ಇಷ್ಟೆಲ್ಲ ಸುತ್ತಾಟ ಬೇಕಿಲ್ಲ.

ನೋಡದೆ ಬಿಡ್ ಇಲ್ಲ, ಇದು ಮನೆಯ ನಿಯಮವಾಗಲಿ. ಹರಾಜಿಗೆ ಮುಂಚೆ ಯಾರ್ಡಿನಲ್ಲಿ ಗಾಡಿ ನೋಡಲು ಸಮಯ ಕೊಟ್ಟಿರುತ್ತಾರೆ. ಓಡಿಸಿ ನೋಡಲು ಸಾಮಾನ್ಯವಾಗಿ ಬಿಡುವುದಿಲ್ಲ. ಅಪ್ಪನನ್ನು ಭಾವ ಕರೆದುಕೊಂಡು ಹೋಗಲಿ, ಕುರ್ಚಿ ಹಾಕಿಸಿಕೊಂಡು ಕೂತು ನೋಡಿದರೂ ಆಯಿತು. ಬಾನೆಟ್ ಎತ್ತಿಸಿ ಅವರು ಒಂದು ಕಣ್ಣು ಹಾಯಿಸಿದರೆ ಶಾರ್ಜಾದಲ್ಲಿ ಕೂತು ನೀವು ನೂರು ಫೋಟೋ ನೋಡುವುದಕ್ಕಿಂತ ಮೇಲು. ಅವರು ಬೇಡ ಎಂದರೆ ಬೇಡ, ಕಾರಣ ಕೇಳಿ ವಾದಕ್ಕಿಳಿಯಬೇಡಿ.

ಕಾಗದ ಪತ್ರ ನೋಡುವುದು ಮನೆಯವರ ಫೋನಿನಿಂದಲೇ ಮಾಡಿಸಬಹುದಾದ ಕೆಲಸ. ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ಗಾಡಿಯ ವಯಸ್ಸು, ವಿಮೆಯ ಅವಧಿ ತಿಳಿಯುತ್ತದೆ. ಅದರ ಮೇಲೆ ಸಾಲ ಇನ್ನೂ ನಮೂದಾಗಿದೆಯೇ, ಕಟ್ಟದ ಟ್ರಾಫಿಕ್ ಫೈನ್ ಎಷ್ಟಿದೆ ಎಂಬುದನ್ನೂ ನೋಡಿ. ಸಾಲ ತೆಗೆಸಲು ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಬೇಕು. ಹಳೇ ಮಾಲೀಕ ಆರ್‌ಸಿ ಕೊಡದೆ ಹೋಗಿದ್ದರೆ, ಸಾಲ ಕೊಟ್ಟ ಸಂಸ್ಥೆ ಫಾರಂ 36 ಹಾಕಿ ಮೊದಲು ತನ್ನ ಹೆಸರಿಗೆ ಹೊಸ ಆರ್‌ಸಿ ಮಾಡಿಸಿಕೊಳ್ಳಬೇಕಾಗುತ್ತದೆ, ಅದಕ್ಕೆ ಸಮಯ ಹಿಡಿಯುತ್ತದೆ. ಸರ್ಕಾರಿ ಇಲಾಖೆಯ ಹರಾಜಿನಲ್ಲಿ ಕೊಂಡದ್ದಾದರೆ ಹೆಸರು ಬದಲಾವಣೆಗೆ ಫಾರಂ 32, ಗಾಡಿ ಕೈಗೆ ಬಂದ 30 ದಿನದೊಳಗೆ. ಕೆಎ-03 ಅಥವಾ ಕೆಎ-53 ನಂಬರಿನ ಗಾಡಿಯಾದರೆ ಓಡಾಟ ಬೆಂಗಳೂರು ಪೂರ್ವ, ಕೆ.ಆರ್. ಪುರದ ಆರ್‌ಟಿಒಗಳಲ್ಲೇ ಮುಗಿಯುತ್ತದೆ. ಬೇರೆ ರಾಜ್ಯದ ನಂಬರಾದರೆ ಅಲ್ಲಿನ ಆರ್‌ಟಿಒ ಎನ್‌ಒಸಿ ತರಬೇಕು, ಇಲ್ಲಿ ಲೈಫ್ ಟ್ಯಾಕ್ಸ್ ಕಟ್ಟಬೇಕು. ಬಿಡ್‌ನಲ್ಲಿ ಉಳಿಸಿದ್ದು ಅಲ್ಲಿಗೆ ಹೋಗುತ್ತದೆ. ಆದ್ದರಿಂದ ಬಿಡ್ ಮೊತ್ತ, ರಿಪೇರಿ, ವಿಮೆ, ತೆರಿಗೆ, ಆರ್‌ಟಿಒ ಖರ್ಚು ಎಲ್ಲ ಕೂಡಿ ಇಷ್ಟನ್ನು ಮೀರಬಾರದು ಎಂಬ ಮೊತ್ತವನ್ನು ಹರಾಜಿನ ಹಿಂದಿನ ದಿನವೇ ಬರೆದಿಟ್ಟು, ಅಪ್ಪನಿಗೂ ಹೇಳಿ. ಗಡಿಯಾರ ಓಡುತ್ತಿರುವಾಗ ಆ ಗೆರೆ ದಾಟಬೇಡಿ.

ಅಮ್ಮನ ಮಾತನ್ನು ಹಗುರವಾಗಿ ತಳ್ಳಬೇಡಿ. ಸೀಜ್ ಆದ ಪ್ರತಿ ಗಾಡಿಯ ಹಿಂದೆ ಕಂತು ಕಟ್ಟಲಾಗದ ಒಂದು ಸಂಸಾರ ಇದ್ದಿರಬಹುದು. ಆ ಯೋಚನೆ ನಿಮ್ಮ ತಾಯಿಗೆ ಬಂತು ಅಂದರೆ ಅದು ಮೂಢನಂಬಿಕೆಗಿಂತ ಹೆಚ್ಚಾಗಿ ಕರುಣೆ. "ಹರಾಜಿನಲ್ಲಿ ಬಂದ ಹಣ ಅವರ ಸಾಲಕ್ಕೇ ಜಮಾ ಆಗುತ್ತೆ ಅಮ್ಮಾ, ಅವರ ಹೊರೆ ಅಷ್ಟಾದರೂ ಇಳಿಯುತ್ತೆ" ಎಂದು ನಿಧಾನವಾಗಿ ಹೇಳಿ ನೋಡಿ. ಆದರೂ ಆ ಗಾಡಿಯಲ್ಲಿ ಕೂರಲು ಅವರ ಮನಸ್ಸು ಒಪ್ಪದಿದ್ದರೆ, ಅವರು ಹತ್ತದ ಗಾಡಿ ಎಷ್ಟು ಅಗ್ಗಕ್ಕೆ ಸಿಕ್ಕಿದರೂ ಏನು ಪ್ರಯೋಜನ? ಪರಿಚಯದವರ ಹತ್ತಿರ ಚೆನ್ನಾಗಿಟ್ಟುಕೊಂಡ ಹಳೇ ಗಾಡಿ ಹುಡುಕಿ, ಸ್ವಲ್ಪ ಹೆಚ್ಚು ಕೊಟ್ಟರೂ ಪರವಾಗಿಲ್ಲ.

ಇದನ್ನು ಓದುತ್ತಿರುವ ಬೇರೆಯವರಿಗೂ ಒಂದು ಮಾತು. ಹರಾಜಿನ ಹೆಸರಿನಲ್ಲಿ ನಡೆಯುವ ವಂಚನೆಗೆ ದೂರ ಇರುವವರು ಸುಲಭವಾಗಿ ಸಿಕ್ಕಿಬೀಳುತ್ತಾರೆ. ಸೇನೆಯ ಅಧಿಕಾರಿ ಎಂದು ಹೇಳಿಕೊಂಡು, ವರ್ಗವಾಗಿದೆ, ಗಾಡಿ ಅಗ್ಗಕ್ಕೆ ಕೊಡುತ್ತೇನೆ ಎಂದು ಗುರುತಿನ ಚೀಟಿಯ ಫೋಟೋ ಕಳಿಸಿ ಮುಂಗಡ ಕೇಳುವ ಮೋಸ ಬೆಂಗಳೂರಿಗೆ ಹೊಸದಲ್ಲ. ದಂಡು ಪ್ರದೇಶದ ವಿಳಾಸ ಕಂಡ ಕೂಡಲೇ ನಂಬಬೇಡಿ. ಠೇವಣಿಯನ್ನು ಬ್ಯಾಂಕ್ ಅಥವಾ ಹರಾಜು ಸಂಸ್ಥೆಯ ಹೆಸರಿನ ಖಾತೆಗೆ ಮಾತ್ರ ಕಟ್ಟಿ, ವ್ಯಕ್ತಿಯ ಹೆಸರಿನ ಖಾತೆಗೆ ಬೇಡ. ಸರ್ಕಾರಿ ಇಲಾಖೆಗಳ ಗಾಡಿಗಳು ಕೇಂದ್ರ ಸರ್ಕಾರದ ಎಂಎಸ್‌ಟಿಸಿ ಸಂಸ್ಥೆಯ ಮೂಲಕವೂ ಹರಾಜಾಗುತ್ತವೆ. ಮೋಸವಾಗಿದೆ ಅನ್ನಿಸಿದರೆ ನಾಚಿಕೊಂಡು ಕೂರದೆ, ಊರಿನಲ್ಲಿರುವವರು ಕೂಡಲೇ 1930ಕ್ಕೆ ಕರೆ ಮಾಡಲಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ಕೊಡಬಹುದು. ಎಷ್ಟು ಬೇಗ ತಿಳಿಸಿದರೆ ಹಣ ತಡೆಹಿಡಿಯುವ ಅವಕಾಶ ಅಷ್ಟು ಹೆಚ್ಚು.

ಕಡೆಯದಾಗಿ ನಿಮ್ಮ ನಿದ್ದೆ. ಭಾವನ ಜೊತೆ ಮಾತಾಡಿದ ಮೇಲೂ ಎರಡು ಮೂರು ವಾರ ನಿದ್ದೆ ಬಾರದೆ, ಊಟ ಸೇರದೆ, ಕೆಲಸದಲ್ಲಿ ಮನಸ್ಸು ನಿಲ್ಲದೆ ಹೋದರೆ, ನೀವಿರುವಲ್ಲೇ ವೈದ್ಯರನ್ನು ನೋಡಿ. ಊರಿಗೆ ಬಂದಾಗ ನಿಮ್ಹಾನ್ಸ್‌ನಲ್ಲಿ ತೋರಿಸಬಹುದು. ಭಾರತದಲ್ಲಿರುವವರಿಗೆ 2022ರಿಂದ ಟೆಲಿ ಮಾನಸ್ ಸಹಾಯವಾಣಿ ಇದೆ, 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಅಪ್ಪ ಅಮ್ಮನಿಗೆ ಬೆಂಗಳೂರಿನಲ್ಲಿ ಏನಾದರೂ ತೊಂದರೆಯಾದರೆ ಹಿರಿಯರ ಸಹಾಯವಾಣಿ 1090, ಇಡೀ ದೇಶಕ್ಕೆ 14567. ಈ ನಂಬರುಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಲು ಅಕ್ಕನಿಗೆ ಹೇಳಿ. ಆಕೆಯ ಜೊತೆ ಮತ್ತೆ ಮಾತು ಶುರುಮಾಡಲು ಅದೇ ಒಂದು ನೆಪವಾಗಲಿ.

ಮುಂದಿನ ರಜೆಗೆ ಬಂದಾಗ ಅಪ್ಪ, ಭಾವ, ನೀವು ಮೂವರೂ ಒಟ್ಟಿಗೆ ಹೋಗಿ ಗಾಡಿ ನೋಡಿ. ಅಲ್ಲಿಯವರೆಗೆ ಫಿಸಿಯೋಥೆರಪಿಗೆ ಕಾರಿನ ವ್ಯವಸ್ಥೆ ಈ ವಾರವೇ ಆಗಲಿ, ಅದಕ್ಕೆ ಹರಾಜು ಬೇಕಿಲ್ಲ.